ಹೊಗೆದೋಣಿಗೆ ಹಾಕಿದ ಕೀಲೆಣ್ಣೆ

೧೮೯೫, ಜನವರಿ ೯

ಹೊಸ ವರ್ಷಕ್ಕೆಂದು ಹಾಳೆ ಮಡಚಿ ಪುಸ್ತಕ ಹೊಲಿದುಕೊಂಡಿದ್ದೇನೆ. ಅಣೆಕಟ್ಟೆ ಕೆಲಸಕ್ಕೆ ಬಂದಿದ್ದ ಬಳ್ಳಾರಿ ಕಡೆಯ ಮೇಸ್ತ್ರಿಯೊಬ್ಬರು ನನಗೆ ಕನ್ನಡ ಅಕ್ಷರ ಕಲಿಸಿ, ತಮ್ಮ ಎರಡು ಪುಸ್ತಕಗಳನ್ನೂ ಕೊಟ್ಟು ಊರಿಗೆ ಹೋದರು. ನಮ್ಮ ಮನೆಮಾತು ಕನ್ನಡವೇ. ಆದರೆ ಕಂಬಂ ಕಣಿವೆಯಲ್ಲಿ ಅದನ್ನು ಬರೆಯುವವರಿಲ್ಲ, ಬರೆಯುವುದೆಲ್ಲ ತಮಿಳು. ಹಾಗಾಗಿ ಈ ಬೆಟ್ಟದ ಮೇಲೆ ಕನ್ನಡ ಬರೆಯುವ ದೊಡ್ಡ ಮನುಷ್ಯ ನಾನೊಬ್ಬನೇ.

ಹೊಗೆದೋಣಿ ಇವತ್ತು ಇಡೀ ದಿನ ಘಟ್ಟದ ತಲೆಯಿಂದ ಅಣೆಕಟ್ಟೆಗೆ ಸುಣ್ಣದ ಮೂಟೆ ಸಾಗಿಸಿತು. ಅದರ ಇಂಜಿನ್ನಿಗೆ ನಾನೇ ಡ್ರೈವರ್. ಮೊದಲು ನಾನು ಕಂಬಂ ಊರಿನಿಂದ ಘಟ್ಟದ ಬುಡಕ್ಕೆ ಸುಣ್ಣ ಸಾಗಿಸುವ ಬಂಡಿಕಾರ. ಕಣಿವೆಯ ಬಂಡಿಗಳೆಲ್ಲ ಕಿರ್ ಎಂದು ಕಿರುಚಿಕೊಂಡು ಬಂದರೆ, ಈ ಅಯ್ಯಾವುವಿನ ಬಂಡಿ ಬರುವುದು ಎತ್ತಿನ ಗೆಜ್ಜೆಯಿಂದಷ್ಟೇ ತಿಳಿಯುತ್ತಿತ್ತು. ಫೋರ್‌ಮನ್ ರಾಮರ್ ಅದನ್ನು ಕೇಳಿ, ಅಂದರೆ ಏನೂ ಕೇಳಿಸದ್ದನ್ನು ಕೇಳಿ, “ಎಣ್ಣೆಯ ಬೆಲೆ ಗೊತ್ತಿರುವವನು” ಎಂದು ನನ್ನನ್ನು ಮೇಲಕ್ಕೆ ಕರೆಸಿಕೊಂಡರು.

ಅವರ ಪಾಠ ಒಂದೇ. ಇಂಜಿನ್ನಿನ ನೆತ್ತಿಯ ಮೇಲೆ ಹಿತ್ತಾಳೆಯ ಎಣ್ಣೆಡಬ್ಬಿ ಇದೆ. ಅದರ ಎಣ್ಣೆ ಬತ್ತಿಯಲ್ಲಿ ಸೋಸಿ, ಗಾಜಿನ ಕೊರಳೊಳಗೆ ಹನಿಹನಿಯಾಗಿ ಬಿದ್ದು, ಸಣ್ಣ ಕೊಳವೆಯಲ್ಲಿ ಇಳಿದು ಬೇರಿಂಗಿಗೆ ಹೋಗುತ್ತದೆ. ಉಸಿರಿಗೊಂದು ಹನಿ ಬೀಳಬೇಕು. ಹನಿ ತಡವಾಯಿತೆಂದರೆ ಮೊದಲು ಇಂಜಿನ್ ನಿಲ್ಲಿಸಬೇಕು, ಯೋಚನೆ ಆಮೇಲೆ.

ಹರಳೆಣ್ಣೆ ಬರುವುದು ಕಂಬದಿಂದ, ವೀರಮ್ಮಾಳ್ ಮನೆಯಿಂದ. ನನಗಿಂತ ದೊಡ್ಡವಳು, ನನ್ನ ಒಡಹುಟ್ಟಿದವಳು. ಗಂಡ ಹೋದ ಮೇಲೆ ಹರಳು ಹುರಿದು, ಕುಟ್ಟಿ, ಬೇಯಿಸಿ ಎಣ್ಣೆ ತೆಗೆದು ಮಾರಿ ಬದುಕುತ್ತಾಳೆ. ಹೊಗೆದೋಣಿಗೆ ಎಣ್ಣೆ ಕೊಡುವ ವ್ಯಾಪಾರ ಅವಳಿಗೆ ಕೊಡಿಸಿದ್ದು ನಾನು. ಅದನ್ನು ಅವಳು ಆಗಾಗ ಮರೆಯುತ್ತಾಳೆ, ನಾನು ಆಗಾಗ ನೆನಪಿಸುತ್ತೇನೆ.

ಹಿಂದಿನ ಬೇರಿಂಗ್ ಇತ್ತೀಚೆಗೆ ಟಕ್ ಟಕ್ ಎನ್ನುತ್ತಿದೆ. ನನ್ನ ಕೈಕೆಳಗಿನ ಇಂಜಿನ್ ಸದ್ದು ಮಾಡಬಾರದು. ಮರ್ಯಾದೆ ಹೋಗುತ್ತದೆ.

ಜನವರಿ ೧೪

ಪೊಂಗಲ್ಲಿಗೆ ಊರಿಗೆ ಹೋಗಿ ಬಂದೆ. ನಿನ್ನೆ ದನಗಳ ಹಬ್ಬ. ನಮ್ಮ ಮನೆಗಳಲ್ಲಿ ಆ ದಿನ ಹೊಸ ಕೀಲೆಣ್ಣೆ ಮಾಡುತ್ತಾರೆ. ನೆಲ್ಲುಹುಲ್ಲು ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಹರಳೆಣ್ಣೆಗೆ ಕಲೆಸಿ ಮಸಿಯಂತೆ ಕಪ್ಪಾಗುವ ತನಕ ತಿಕ್ಕುತ್ತಾರೆ. ತಿರುಗಿ ಅನ್ನ ಕೊಡುವುದಕ್ಕೆಲ್ಲ ಅದನ್ನು ಒಂದು ಬೆರಳು ಮುಟ್ಟಿಸಬೇಕು. ಬಂಡಿಯ ಅಚ್ಚು, ಬಾವಿಯ ರಾಟೆ, ಬೀಸುವ ಕಲ್ಲಿನ ಗೂಟ, ಯಾವುದನ್ನೂ ಬಿಡುವುದಿಲ್ಲ. ಬಿಟ್ಟರೆ ಅದು ವರ್ಷವಿಡೀ ಮುನಿಸಿಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು.

ಈಗ ನನ್ನ ಮನೆಗೆ ಅನ್ನ ಕೊಡುವುದು ಯಾವುದು? ಹೊಗೆದೋಣಿ. ಹೊರಡುವಾಗ ಬಿದಿರುಕೊಳವೆ ತುಂಬ ಕೀಲೆಣ್ಣೆ ತುಂಬಿಕೊಂಡೆ. ವೀರಮ್ಮಾಳ್ ಬಾಗಿಲಲ್ಲಿ ತಡೆದಳು.

“ಅದು ವಂಡಿಗೆ ಅಲ್ಲೇನೋ ತಂಬಿ? ಮ್ಯಾಲಕ್ ಯಾಕ್ ತಕ್ಕೊಂಡೋಗ್ತೀ?”

“ಮುಟ್ಟಿಸಾಕೆ ಅಕ್ಕಾ. ಒಂದ್ ಬೆರಳು.”

“ಒಂದ್ ಬೆರಳಿಗೆ ಕೊಳವೆ ತುಂಬಾನಾ?”

ಎಲ್ಲದಕ್ಕೂ ಒಂದು ಪ್ರಶ್ನೆ ಅವಳದು. ಇಂಜಿನ್ ವಿಷಯ ಅವಳಿಗೇನು ಗೊತ್ತು.

ಜನವರಿ ೧೫

ಬೆಳಿಗ್ಗೆ ಹಿಂದಿನ ಬೇರಿಂಗಿಗೆ ಕೀಲೆಣ್ಣೆ ಮುಟ್ಟಿಸಿ ಕೈಮುಗಿದೆ. ಟಕ್ ಟಕ್ ಅರ್ಧಕ್ಕೆ ಇಳಿಯಿತು! ಬೆಂಕಿ ಹಾಕುವ ಅಳಗರ್ ಕೂಡ ಸೌದೆ ಕೆಳಗಿಟ್ಟು ಕಿವಿಗೊಟ್ಟ. ಇನ್ನೂ ಇಳಿಯಲೆಂದು ಕೊಳವೆಯಲ್ಲಿದ್ದುದನ್ನೆಲ್ಲ ಎಣ್ಣೆಡಬ್ಬಿಗೇ ಸುರಿದೆ. ಸಂಜೆಗೆ ದೋಣಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ದೂರದ ಊರಿನಿಂದ ಹಡಗಿನಲ್ಲಿ ಬಂದ ಇಂಜಿನ್ನಿಗೆ ಕಂಬದ ಬಂಡಿಕಾರ ಮದ್ದು ಕೊಟ್ಟ. ರಾಮರ್‌ಗೆ ಹೇಳಲಿಲ್ಲ. ಅವರೇ ಬಂದು, “ಏನು ಮಾಡಿದೆ ಅಯ್ಯಾವು?” ಎಂದು ಕೇಳಲಿ.

ಜನವರಿ ೧೯

ಗಾಜಿನೊಳಗೆ ಹನಿ ನಿಧಾನವಾಗಿದೆ. ಅಳಗರ್ ನೋಡಿ, “ಅಣ್ಣೇ, ನಿಲ್ಲಿಸೋಣವಾ?” ಎಂದ. ನಿನ್ನ ಸೌದೆ ನೋಡಿಕೋ ಎಂದೆ. ಹನಿ ಹೆಚ್ಚಿಸುವ ತಿರುಪು ಸ್ವಲ್ಪ ಬಿಚ್ಚಿದೆ, ಹನಿ ಬಂತು. ಮೇಲೆ ಚಳಿ ಜಾಸ್ತಿ, ಎಣ್ಣೆ ಗಟ್ಟಿಯಾಗಿರಬೇಕು.

ಜನವರಿ ೨೨

ಚಳಿಯಲ್ಲ. ತಿರುಪು ಪೂರ್ತಿ ಬಿಚ್ಚಿದರೂ ಹನಿ ಬರುತ್ತದೆ, ನಿಲ್ಲುತ್ತದೆ. ಕೊಳವೆಗೆ ಮರದ ತುಂಡಿನಿಂದ ತಟ್ಟಿದರೆ ಮತ್ತೆ ಒಂದೆರಡು. ಬೇರಿಂಗ್ ಕೈಯಿಡಲಾಗದಷ್ಟು ಬಿಸಿ, ಎಣ್ಣೆ ಸುಟ್ಟ ವಾಸನೆ ಬೇರೆ. ಬಟ್ಟೆ ಒದ್ದೆಮಾಡಿ ಸುತ್ತಿ, ಮೇಲೆ ನೀರು ಹುಯ್ಯುತ್ತ ಓಡಿಸಿದೆ. ನಿಲ್ಲಿಸಿದರೆ ರಾಮರ್ ಬರುತ್ತಾರೆ. ಬಂದರೆ ಡಬ್ಬಿ ತೆಗೆಯುತ್ತಾರೆ.

ಬೇರಿಂಗ್ ಹಳೆಯದು, ಅಷ್ಟೆ. ಹಳೆಯದಕ್ಕೆ ನಾನೇನು ಮಾಡಲಿ?

ಜನವರಿ ೨೪

ಕೆಲಸದ ಜಾಗದಿಂದ ಜ್ವರ ಹಿಡಿದವರನ್ನು ಕೂರಿಸಿಕೊಂಡು ಘಟ್ಟದ ತಲೆಗೆ ಬರುತ್ತಿದ್ದೆವು. ನೀರಿನ ನಟ್ಟನಡುವೆ ಗಾಜಿನಲ್ಲಿ ಹನಿ ಪೂರ್ತಿ ನಿಂತಿತು. ನೋಡಿದೆ. ನೋಡಿಯೂ ಓಡಿಸಿದೆ. ದಡ ಕಾಣುತ್ತಿತ್ತು, ಮುಟ್ಟಿಬಿಡಬಹುದು ಅನ್ನಿಸಿತು. ಕಲ್ಲು ಅರೆದ ಹಾಗೆ ಸದ್ದು ಬಂದು, ಬೇರಿಂಗಿನೊಳಗೆ ತಿರುಗುವ ದಂಡ ಹಿಡಿದುಕೊಂಡಿತು. ಆಮೇಲೆ ದೋಣಿ ನಿಂತೇ ಹೋಯಿತು.

ಉರಿಬಿಸಿಲು. ಜ್ವರದವರು ನಡುಗುತ್ತ ಕುಳಿತಿದ್ದರು. ಒಬ್ಬ ಮುದುಕ ಮತ್ತೆ ಮತ್ತೆ, “ಬಂತಾ ದಡ, ಬಂತಾ?” ಎಂದು ನನ್ನನ್ನೇ ಕೇಳುತ್ತಿದ್ದ. ನಾನೂ ಅಳಗರನೂ ಬಿದಿರಿನ ಗಳ ಹಾಕಿ ತಳ್ಳಿ ತಳ್ಳಿ ಹೊತ್ತು ಇಳಿಯುವಾಗ ದಡ ಸೇರಿಸಿದೆವು. ಎಲ್ಲರನ್ನೂ ಆಸ್ಪತ್ರೆ ಚಪ್ಪರಕ್ಕೆ ಹೊತ್ತು ಹಾಕಿದೆವು. ಮುದುಕ ಇಳಿಯುವಾಗ ನನಗೆ ಕೈಮುಗಿದ, ದಡ ಸೇರಿಸಿದ ಪುಣ್ಯಾತ್ಮ ಅಂದ. ಮುಖ ಎತ್ತಲಾಗಲಿಲ್ಲ.

ಜನವರಿ ೨೫

ರಾಮರ್ ಡಬ್ಬಿ ಬಿಚ್ಚಿದರು. ಬತ್ತಿ ಕಪ್ಪಗೆ ಗಸಿ ಹಿಡಿದಿತ್ತು, ಕೊಳವೆಯ ಬಾಯಿ ಕಟ್ಟಿತ್ತು. ಬೇರಿಂಗ್ ಗೀರುಗೀರು. ಬೆರಳಿಂದ ತಿಕ್ಕಿ ಮೂಸಿ ನೋಡಿದರು.

“ಎನ್ನಡಾ ಇದು? ಎಣ್ಣೆಯಾ, ಚರಂಡಿಯಾ?” ಎಂದರು. ನಾನು ಬಟ್ಟೆಯಲ್ಲಿ ಕೈ ಒರೆಸಿಕೊಂಡೆ. ಅವರೇ ಮುಂದುವರಿಸಿದರು. “ಕಲಬೆರಕೆ. ಎಣ್ಣೆ ಕೊಡುವವಳು ಏನೋ ಬೆರೆಸಿದ್ದಾಳೆ. ನಿನ್ನ ಅಕ್ಕ ತಾನೇ? ಕರೆಸು ಅವಳನ್ನು.”

ಆಗ ಹೇಳಬಹುದಿತ್ತು. “ಸರಿ ಅಯ್ಯಾ” ಎಂದೆ. ಈ ಎರಡು ಮಾತು ಮಾತ್ರ ಸಲೀಸಾಗಿ ಹೊರಬಂದವು.

ಜನವರಿ ೨೮

ವೀರಮ್ಮಾಳ್ ಸುಣ್ಣದ ಬಂಡಿಯಲ್ಲಿ ಘಟ್ಟದ ಬುಡಕ್ಕೆ ಬಂದು, ಅಲ್ಲಿಂದ ನಡೆದು ಹತ್ತಿ ಬಂದಳು. ತಲೆಯ ಮೇಲೆ ಒಂದು ಮಡಕೆ ಎಣ್ಣೆ. ತನ್ನ ಎಣ್ಣೆ ಎಂಥದೆಂದು ತೋರಿಸಲೆಂದೇ ತಂದಿದ್ದಳು. ದೋಣಿಕಟ್ಟೆಯಲ್ಲಿ ಹತ್ತಾರು ಜನರ ಮುಂದೆ ಒಂದು ಗುಟುಕು ಕುಡಿದು ತೋರಿಸಿದಳು.

“ಮಕ್ಕಳ ನೆತ್ತಿಗ್ ಹಾಕೋ ಎಣ್ಣೆ ಸಾಮಿ ಇದು. ಇದ್ರಾಗ ಕಲಬೆರಕೆ ಮಾಡಿದ್ರೆ ನನ್ ಕೈ ಬಿದ್ದೋಗ್ಲಿ” ಎಂದಳು. ನಮ್ಮ ಮಾತಿನಲ್ಲೇ ಅಂದು, ಆಮೇಲೆ ತಮಿಳಿನಲ್ಲಿ ಹೇಳಿದಳು.

ರಾಮರ್ ಆ ಬತ್ತಿಯನ್ನು ಅವಳ ಕೈಗೆ ಕೊಟ್ಟರು. ಅವಳು ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿ, ತಿಕ್ಕಿ, ನಿಂತುಬಿಟ್ಟಳು. ಆ ಬೂದಿಯನ್ನು ಸೋಸಿದ್ದು ಅವಳದೇ ಕೈ, ಅವಳದೇ ಹಳೆಯ ಸೀರೆಯ ತುಂಡು. ತಲೆ ಎತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ರಾಮರ್ ಕಡೆ ತಿರುಗಿ ತಮಿಳಿನಲ್ಲಿ, “ತಪ್ಪು ನನ್ನದು ಸಾಮಿ. ಮಡಕೆ ತೊಳೆಯದೆ ಹುಯ್ದೆ, ಅಡಿಯಲ್ಲಿ ಒಲೆಯ ಬೂದಿ ಇತ್ತೋ ಏನೋ. ನನ್ನ ತಂಬಿಗೆ ಏನೂ ಗೊತ್ತಿಲ್ಲ” ಎಂದಳು.

ಈಗಷ್ಟೇ ಕೈ ಬಿದ್ದುಹೋಗಲಿ ಎಂದವಳು. ಸುತ್ತ ನಿಂತವರು ನಕ್ಕರು. ರಾಮರ್ ಇನ್ನು ನಿನ್ನ ಎಣ್ಣೆ ಬೇಡ ಎಂದರು. ಅವಳು ಮಡಕೆ ತಲೆಗೇರಿಸಿಕೊಂಡು ಇಳಿದು ಹೋದಳು. ಎತ್ತಿಕೊಡಲು ಕೂಡ ನಾನು ಹೋಗಲಿಲ್ಲ. ಅಳಗರ್ ಎತ್ತಿಕೊಟ್ಟ.

ಜನವರಿ ೨೯

ಬರೆಯುವುದಕ್ಕೆ ಏನೂ ಇಲ್ಲ. ನನ್ನ ಪಾಲಿನ ಅನ್ನ ಅಳಗರ್‌ಗೆ ಕೊಟ್ಟೆ.

ಫೆಬ್ರವರಿ ೪, ದಿಂಡುಕ್ಕಲ್

ಬೇರಿಂಗ್ ಹೊಸದಾಗಿ ಎರಕ ಹೊಯ್ಯಿಸಿಕೊಂಡು ಬಾ ಎಂದು ಕಳಿಸಿದ್ದಾರೆ. ಇಲ್ಲಿ ಬೀದಿಗೆ ಬೀದಿಯೇ ಬೀಗ ಮಾಡುವವರು. ಹಗಲೆಲ್ಲ ಅರದ ಸದ್ದು, ಗಾಳಿಯಲ್ಲಿ ಹಿತ್ತಾಳೆಯ ಪುಡಿ. ಎರಕದವನು ಹಳೆಯ ಬೇರಿಂಗನ್ನು ಬಿಸಿಲಿಗೆ ಹಿಡಿದು, “ಇದರೊಳಗೆ ಯಾರಾದರೂ ಮರಳು ಹಾಕಿ ಅರೆದರಾ?” ಎಂದ. ನಾನು ಬೀದಿಯ ಕಡೆ ನೋಡುತ್ತ, ಗೊತ್ತಿಲ್ಲ ಎಂದೆ.

ಇಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಆದರೂ ಸುಳ್ಳೇ ಹೇಳಿದೆ. ಅಭ್ಯಾಸವಾಗಿಬಿಟ್ಟಿದೆ.

ಫೆಬ್ರವರಿ ೯, ಕಂಬಂ

ಬೇರಿಂಗ್ ಗೋಣಿಯಲ್ಲಿ ಸುತ್ತಿಕೊಂಡು ಹಿಂದಿರುಗುವ ದಾರಿಯಲ್ಲಿ ಮನೆಗೆ ಬಂದೆ. ನನ್ನ ಹೆಂಡತಿ ಚೆಲ್ಲಮ್ಮಾಳ್ ನೀರು ಕೊಡುವ ಮೊದಲೇ ಸುದ್ದಿ ಹೇಳಿದಳು. ವೀರಮ್ಮಾಳ್ ಕಲಬೆರಕೆ ಒಪ್ಪಿಕೊಂಡ ಮಾತು ಸುಣ್ಣದ ಬಂಡಿಗಳ ಜೊತೆಗೇ ಕಣಿವೆಗೆ ಇಳಿದಿದೆಯಂತೆ. ಚಿನ್ನಮನೂರಿನ ತನಕ ಹೋಗಿದೆಯಂತೆ.

ಸಂತೆಗೆ ಹೋದೆ. ಅಕ್ಕ ತನ್ನ ಮಾಮೂಲಿ ಜಾಗದಲ್ಲಿ ಮಡಕೆಗಳನ್ನಿಟ್ಟುಕೊಂಡು ಕುಳಿತಿದ್ದಳು. ಅಕ್ಕಪಕ್ಕದಲ್ಲಿ ಜನ, ಅವಳ ಮುಂದೆ ಯಾರೂ ಇಲ್ಲ. ನಾನು ತೆಂಗಿನಕಾಯಿ ರಾಶಿಯ ಹಿಂದೆ ನಿಂತು ನೋಡಿದೆ. ಪೊನ್ನುತಾಯಿ ಎಂಬ ನಮ್ಮ ಬೀದಿಯ ಹುಡುಗಿ, ಚೊಚ್ಚಲ ಬಾಣಂತಿ, ಬಗಲಲ್ಲಿ ಕೂಸು, ಕೈಯಲ್ಲಿ ಎಣ್ಣೆಗಿಂಡಿ ಹಿಡಿದು ಬಂದಳು. ಕೊಳ್ಳಲು ಅಲ್ಲ, ಹಿಂದಕ್ಕೆ ಕೊಡಲು.

“ಕೋಪ ಮಾಡ್ಕೋಬ್ಯಾಡಿ ಅತ್ತೆ. ಕೂಸಿಗ್ ಹಾಕೋದು. ನಮ್ಮತ್ತೆ ಬ್ಯಾಡ ಅಂದ್ರು.”

ಅಕ್ಕ ಗಿಂಡಿ ತೆಗೆದುಕೊಂಡು ಎಣ್ಣೆಯನ್ನು ಮಡಕೆಗೆ ಬಗ್ಗಿಸಿಕೊಂಡಳು. ಗಿಂಡಿಯನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟಳು. “ಕೂಸಿಗ್ ಹೊಟ್ಟೆ ಸರಿಯಾಗೈತಾ?” ಎಂದು ಕೇಳಿದಳು. ಹುಡುಗಿ ಹೂಂ ಎಂದು ಓಡಿಹೋದಳು.

ನಮ್ಮ ಬೀದಿಯ ಎಷ್ಟು ಮಕ್ಕಳ ನೆತ್ತಿ ಅಕ್ಕನ ಎಣ್ಣೆಯಲ್ಲಿ ಗಟ್ಟಿಯಾಗಿದೆಯೋ. ನನ್ನ ಮಕ್ಕಳದೂ ಸೇರಿ. ತೆಂಗಿನಕಾಯಿ ರಾಶಿಯ ಹಿಂದೆ ಕಳ್ಳನ ಹಾಗೆ ನಿಂತಿದ್ದೆ. ಹಾಗೆಯೇ ಹಿಂದಿನಿಂದಲೇ ಮನೆಗೆ ಹೋದೆ. ಛೀ.

ಫೆಬ್ರವರಿ ೧೩

ಹೊಸ ಬೇರಿಂಗ್ ಕೂರಿಸಿದೆವು. ಕೊಳವೆಗಳನ್ನೆಲ್ಲ ಬಿಸಿನೀರು ಹಾಕಿ ತೊಳೆದೆವು. ರಾಮರ್ ಕೈ ಒರೆಸಿಕೊಳ್ಳುತ್ತಿದ್ದಾಗ ಹೇಳಿಯೇಬಿಟ್ಟೆ. ಅಯ್ಯಾ, ಬೂದಿ ಹಾಕಿದ್ದು ನಾನು. ಬಂಡಿಯ ಕೀಲೆಣ್ಣೆ. ಹಬ್ಬದ ಶಾಸ್ತ್ರಕ್ಕೆಂದು ಹಾಕಿದೆ. ಹನಿ ನಿಂತರೂ ಓಡಿಸಿದೆ. ಅಕ್ಕನ ಎಣ್ಣೆಯಲ್ಲಿ ಏನೂ ಇರಲಿಲ್ಲ.

ರಾಮರ್ ನನ್ನ ಮುಖ ನೋಡಿ ನಕ್ಕರು, ಒಳ್ಳೆಯ ನಗೆ.

“ಅಡೇ ಅಯ್ಯಾವು, ಅವಳೇ ಬಾಯಿಬಿಟ್ಟು ಒಪ್ಪಿಕೊಂಡಳಲ್ಲಾ. ಅಕ್ಕನ ವ್ಯಾಪಾರ ಉಳಿಸಲು ನಿನ್ನ ಕೆಲಸಕ್ಕೇ ಕೊಡಲಿ ಹಾಕಿಕೊಳ್ಳುತ್ತೀಯಾ? ಇಂಥ ತಮ್ಮ ಯಾರಿಗೆ ಸಿಕ್ಕಾನು! ಹೋಗು, ಬಾಯ್ಲರ್‌ಗೆ ನೀರು ನೋಡು.”

ಬೆನ್ನು ತಟ್ಟಿದರು. ಬೆನ್ನಿನ ಆ ಜಾಗ ಇನ್ನೂ ಉರಿಯುತ್ತಿದೆ.

ಫೆಬ್ರವರಿ ೧೮

ಹೇಳಿದ್ದು ಹೇಳದಿದ್ದುದಕ್ಕಿಂತ ಕೆಟ್ಟದಾಯಿತು. ಅಕ್ಕನಿಗಾಗಿ ನಾನು ತಪ್ಪು ಹೊರಲು ಹೋದೆನೆಂದು, ಅಲ್ಲೇ ಇದ್ದ ಅಳಗರ್ ಎಲ್ಲರಿಗೂ ಹೇಳಿದ್ದಾನೆ. ಸುಣ್ಣ ಹೊರುವವರು, ಅಡಿಗೆಯವನು, ಎಲ್ಲರೂ ನನ್ನನ್ನು ಮರ್ಯಾದೆಯಿಂದ ನೋಡುತ್ತಾರೆ. ಊರಿನಿಂದ ಬಂದ ಬಂಡಿಕಾರ ಹೇಳಿದ, ನಮ್ಮ ಕುಲದ ಯಜಮಾನರು ಪೆರಿಯಸಾಮಿಯವರು ಕಟ್ಟೆಯ ಮೇಲೆ ಕುಳಿತು, “ಅವಳು ನಮ್ಮ ಹೆಸರು ಕೆಡಿಸಿದಳು, ತಂಬಿ ಉಳಿಸಲು ನೋಡಿದ” ಎಂದರಂತೆ.

ನಾನು ನಿಜ ಹೇಳಿದ್ದರಿಂದ ಅಕ್ಕ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಳು, ನಾನು ಒಂದು ಮೆಟ್ಟಿಲು ಮೇಲೆ ಹತ್ತಿದೆ. ಅವಳು ಏನೂ ಹೇಳಿ ಕಳಿಸಿಲ್ಲ. ಚೆಲ್ಲಮ್ಮಾಳ್ ಮಾತ್ರ ಹೇಳಿ ಕಳಿಸಿದ್ದಾಳೆ: ಸುಮ್ಮನಿರಿ, ಮಕ್ಕಳಿದ್ದಾರೆ.

ಸುಮ್ಮನಿರುವುದು ಎಷ್ಟು ಸುಖ. ಅದೇ ಹೆದರಿಕೆ.

ಫೆಬ್ರವರಿ ೨೧

ಮಾತನ್ನು ನಂಬದವರು ಕಣ್ಣನ್ನು ನಂಬಬೇಕು. ಕೆಟ್ಟುಹೋದ ದೋಣಿಯೊಂದರ ಹಳೆಯ ಎಣ್ಣೆಡಬ್ಬಿ ಉಗ್ರಾಣದಲ್ಲಿ ಬಿದ್ದಿತ್ತು, ಗಾಜು ಸರಿಯಿತ್ತು. ಅಕ್ಕನ ಎಣ್ಣೆ ಒಂದು ಪೀಪಾಯಿಯ ತಳದಲ್ಲಿ ಉಳಿದಿತ್ತು. ದೋಣಿಕಟ್ಟೆಯ ಮೇಲೆ, ಅಕ್ಕ ನಿಂತಿದ್ದ ಜಾಗದಲ್ಲೇ ಡಬ್ಬಿ ಇಟ್ಟೆ. ಊಟದ ಹೊತ್ತು, ಎಲ್ಲರೂ ಇದ್ದರು. ರಾಮರ್ ಅವರನ್ನೂ ಕರೆದೆ.

ಮೊದಲು ಅಕ್ಕನ ಎಣ್ಣೆ ಹಾಕಿದೆ. ಉಸಿರಿಗೊಂದು ಹನಿ, ಗಾಜಿನೊಳಗೆ ತಿಳಿಯಾಗಿ, ತಪ್ಪದೆ ಬಿತ್ತು. ಎಲ್ಲರೂ ಊಟ ಮುಗಿಸಿ ಕೈತೊಳೆದು ಬಂದರೂ ಹಾಗೆಯೇ ಬೀಳುತ್ತಿತ್ತು. ಆಮೇಲೆ ಎಲ್ಲರೆದುರು ಹುಲ್ಲು ಸುಟ್ಟೆ. ಬೂದಿ ಸೋಸಿ, ಅದೇ ಎಣ್ಣೆಗೆ ಕಲೆಸಿ, ಡಬ್ಬಿಗೆ ಸುರಿದೆ. ಹನಿ ಕಪ್ಪಾಯಿತು. ದಪ್ಪವಾಯಿತು. ತಡವಾಯಿತು. ತಿರುಪು ಬಿಚ್ಚಿದೆ, ಬಂತು. ಮರದ ತುಂಡಿನಿಂದ ತಟ್ಟಿದೆ, ಬಂತು. ಅವತ್ತು ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿದೆ. ಕೊನೆಗೆ ಒಂದು ಹನಿ ಗಾಜಿನ ಬಾಯಿಯಲ್ಲಿ ತೂಗಿ ಅಲ್ಲೇ ನಿಂತಿತು. ಕಾದೆವು. ಬೀಳಲಿಲ್ಲ.

ಅಳಗರ್ ಮೆಲ್ಲಗೆ, “ಹೌದು ಅಯ್ಯಾ. ಹೀಗೇ ಆಗಿತ್ತು. ನಾನೂ ನೋಡಿದ್ದೆ” ಎಂದ.

ತೊಳೆಯದ ಮಡಕೆಯ ಬೂದಿ ಹೀಗೆ ಕಟ್ಟುವುದಿಲ್ಲ, ಇದು ಬೇಕೆಂದೇ ಕಲೆಸಿ ಹಾಕಿದ್ದು ಎಂದು ರಾಮರ್‌ಗೂ ಕಂಡಿತು. ಡಬ್ಬಿಯ ಬತ್ತಿಯನ್ನು ಎತ್ತಿ ಬೆರಳಿಂದ ತಿಕ್ಕಿ ನೋಡಿದರು. ಆಮೇಲೆ, “ಅವತ್ತು ನಿನ್ನನ್ನು ನಂಬದೆ ಇದ್ದದ್ದೇ ನನಗೆ ಸುಖವಾಗಿತ್ತು ಅಯ್ಯಾವು” ಎಂದರು. “ಬೂದಿ ಹಾಕಿದ್ದನ್ನಾದರೂ ಕ್ಷಮಿಸಬಹುದು. ಹನಿ ನಿಂತದ್ದು ನೋಡಿಯೂ ಜ್ವರದವರನ್ನು ಕೂರಿಸಿಕೊಂಡು ಓಡಿಸಿದೆಯಲ್ಲ, ಅದನ್ನು ಕ್ಷಮಿಸಲು ಆಗುವುದಿಲ್ಲ. ನಾಳೆಯಿಂದ ಬರಬೇಡ. ಎಣ್ಣೆ ನಿನ್ನ ಅಕ್ಕನದೇ ಬರಲಿ.”

ಸರಿ ಅಯ್ಯಾ ಎಂದೆ. ಅದೇ ಎರಡು ಮಾತು.

ಫೆಬ್ರವರಿ ೨೪, ಕಂಬಂ

ಅಕ್ಕ ಸಂತೋಷಪಡುತ್ತಾಳೆ ಎಂದುಕೊಂಡು ಹೋದೆ. ಎಂಥ ಮೂರ್ಖ. ಅವಳು ಹರಳು ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ.

“ಕೇಳಿದ್ನಪ್ಪಾ. ನಾಕ್ ಜನದ ಮುಂದೆ ಆಟ ಕಟ್ಟಿ ತೋರಿಸಿದ್ಯಂತೆ.”

“ನಿನ್ ಹೆಸರು ಉಳೀಲಿ ಅಂತ ಅಕ್ಕಾ.”

“ನನ್ ಹೆಸರಾ?” ಆಗ ಒನಕೆ ನಿಂತಿತು. “ನಾ ಹುಟ್ಟಿದಾಗಿಂದ ಸುಳ್ ಹೇಳಿದವಳಲ್ಲ. ನಿನ್ ಅನ್ನ ಹೋಯ್ತದೆ ಅಂತ ಒಂದ್ ಹೇಳ್ದೆ. ಈಗ ಅನ್ನಾನೂ ಹೋಯ್ತು, ನಾ ಸುಳ್ಳಿ ಅಂತಾನೂ ಆಯ್ತು. ನಾ ಬತ್ತಿ ಹಿಂಡ್ಕೊಂಡು ನಿಂತಾಗ, ನಿನ್ ಮುಖ ನೋಡ್ದಾಗ, ಅಲ್ಲೇ ಒಂದ್ ಮಾತ್ ಹೇಳಿದ್ರೆ ನಂಗ್ ಸುಳ್ ಹೇಳೋ ಪಾಡ್ ಇತ್ತೇನೋ? ಕಾದೆ ತಂಬಿ. ನೀ ಹೇಳ್ತೀ ಅಂತ ಕಾದೆ.”

ಮತ್ತೆ ಕುಟ್ಟತೊಡಗಿದಳು. ಆಮೇಲೆ ನಾನು ಏನು ಹೇಳಿದರೂ ಒನಕೆಯ ಸದ್ದೇ ಉತ್ತರ.

ಅವಳು ನನ್ನನ್ನು ನೋಡಿದ್ದು ಬಯ್ಯುವುದಕ್ಕಲ್ಲ, ಕಾಯುವುದಕ್ಕೆ. ಅದು ನನಗೆ ಇವತ್ತಿನ ತನಕ ಗೊತ್ತಾಗಿರಲಿಲ್ಲ.

ಮಾರ್ಚ್ ೬

ಬಂಡಿ ಕಟ್ಟಿದ್ದೇನೆ. ತೇವಾರಂನಿಂದ ಬತ್ತ ಸಾಗಿಸುವ ಕೆಲಸ. ಬಹಳ ದಿನ ನಿಂತಿದ್ದ ಅಚ್ಚು, ಕಿರುಚುತ್ತದೆ. ಕೀಲೆಣ್ಣೆಯ ಕೊಳವೆ ಬಂಡಿಯ ಕೆಳಗೆ ಖಾಲಿಯಾಗಿ ತೂಗುತ್ತಿದೆ. ಹುಲ್ಲು ಸುಟ್ಟು ಬೂದಿ ಕೈಗೆ ಹಚ್ಚಿಕೊಳ್ಳಲು ನನ್ನಿಂದಾಗದು. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಾರೆ, ಅಯ್ಯಾವುವಿನ ಬಂಡಿಯಾ ಇದು ಎಂದು. ಹೌದು, ಅಯ್ಯಾವುವಿನದೇ. ಕಿರುಚಲಿ.

ಮಾರ್ಚ್ ೧೧

ಅಕ್ಕ ಮಾತಾಡುವುದಿಲ್ಲ. ದಾರಿಯಲ್ಲಿ ಎದುರಾದರೆ ಎತ್ತುಗಳ ಹಣೆ ಸವರಿ ಹೋಗುತ್ತಾಳೆ.

ಸಂತೆಯಲ್ಲಿ ಅವಳ ಮುಂದೆ ಜನ ಇದ್ದರು. ಪೊನ್ನುತಾಯಿಯ ಅತ್ತೆ, ಬೇಡ ಎಂದವಳೇ, ಕೂಸನ್ನೂ ಎತ್ತಿಕೊಂಡು ಬಂದು ಗಿಂಡಿ ಹಿಡಿದು ನಿಂತಿದ್ದಳು. ಅಕ್ಕ ಮೊದಲು ಕೂಸಿನ ನೆತ್ತಿಗೆ ಒಂದು ಬೊಟ್ಟು ಇಟ್ಟು, ಆಮೇಲೆ ಗಿಂಡಿ ತುಂಬಿಸಿದಳು. ಈ ಸಾರಿ ನಾನು ತೆಂಗಿನಕಾಯಿ ರಾಶಿಯ ಮುಂದೆ ನಿಂತಿದ್ದೆ. ನೋಡಿದವರು ನೋಡಲಿ.

ಹೊಗೆದೋಣಿಗೆ ಎಣ್ಣೆ ನಾಳೆ ಹೋಗಬೇಕು. ಘಟ್ಟದ ಬುಡದ ತನಕ ಒಯ್ಯುವವರು ಬೇಕಂತೆ. ನಾನು ಒಯ್ಯುತ್ತೇನೆ ಎಂದು ಚೆಲ್ಲಮ್ಮಾಳ್ ಕೈಲಿ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ.

ಮಾರ್ಚ್ ೧೨

ಬೆಳಿಗ್ಗೆ ಎತ್ತು ಕಟ್ಟಲು ಹೋದಾಗ ಎಣ್ಣೆಯ ಮಡಕೆಗಳು ಆಗಲೇ ಬಂಡಿಯಲ್ಲಿದ್ದವು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಸುತ್ತ ಹುಲ್ಲು ಒತ್ತಿ ಇಟ್ಟಿತ್ತು. ಕೆಳಗೆ ಬಗ್ಗಿ ನೋಡಿದೆ. ಬಿದಿರುಕೊಳವೆ ತುಂಬ ಹೊಸ ಕೀಲೆಣ್ಣೆ. ಬೂದಿಯನ್ನು ನುಣ್ಣಗೆ ಸೋಸಿದ್ದು ಅಕ್ಕನ ಕೈ ಎಂದು ಬೆರಳಿಗೆ ತಿಳಿಯಿತು. ಎರಡೂ ಅಚ್ಚಿಗೆ ಹಚ್ಚಿಯೂ ಇತ್ತು.

ಅವಳ ಮನೆಯ ಮುಂದೆ ಹಾದು ಹೋಗುವಾಗ ಬಂಡಿ ಸದ್ದು ಮಾಡಲಿಲ್ಲ. ಒಳಗೆ ಒನಕೆ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಕುಟ್ಟತೊಡಗಿತು.